ಪದ ಸೀಳುವ ಮೇಷ್ಟ್ರು

ಮೇಷ್ಟ್ರ ಬಲಗೈ ಕಿರುಬೆರಳಿನ ಉಗುರು ಉದ್ದಕ್ಕೆ ಬೆಳೆದು, ಹಳದಿಗಟ್ಟಿ, ತುದಿಯಲ್ಲಿ ಒಳಕ್ಕೆ ಬಾಗಿತ್ತು. ಮೇಜಿನ ಮೇಲೆ ಚೆಲ್ಲಿದ ಕಾಫಿಯಲ್ಲಿ ಅದನ್ನು ಅದ್ದಿ ಇಂಗ್ಲಿಷ್ ಪದ ಬರೆಯುವುದು, ಬರೆದದ್ದನ್ನು ಅದೇ ಉಗುರಿನಿಂದ ನಡುವೆ ಸೀಳುವುದು ಅವರ ಅಭ್ಯಾಸ. ಜಿಯೋ ಅಂದರೆ ಭೂಮಿ, ಗ್ರೀಕು. ಆಕ್ವಾ ಅಂದರೆ ನೀರು, ಲ್ಯಾಟಿನ್ನು. ಆಮೇಲೆ ಮೇಜು ಒರೆಸಬೇಕಾದವಳು ನಾನು.

ಮಾದಾಪುರದಲ್ಲಿ ಅಮ್ಮನ ಹೋಟೆಲಿನ ಮೇಲಿನ ಕೋಣೆಯಲ್ಲಿ ಅವರ ಟ್ಯೂಷನ್. ಬೋರ್ಡಿನಲ್ಲಿ ಹೆಸರಿಗಿಂತ ಡಿಗ್ರಿಗಳೇ ಉದ್ದ. ಒಂದೂ ಪೂರ್ತಿಯಾಗಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು. ಪಿಯುಸಿಯಲ್ಲಿ ನಾನೂ ಅವರ ಪದಗಳ ಬೇರುಗಳನ್ನು ಬಾಯಿಪಾಠ ಮಾಡಿದವಳೇ. ಒಮ್ಮೆ ಆನೆ ತೋಟಕ್ಕೆ ನುಗ್ಗಿ ಜನ ಪಟಾಕಿ ಹಿಡಿದು ಓಡುತ್ತಿದ್ದರೆ, ಇವರು ಮೆಟ್ಟಿಲ ಮೇಲೆ ನಿಂತು ಪ್ಯಾಕಿಡರ್ಮ್ ಅಂದರೆ ದಪ್ಪ ಚರ್ಮ ಎಂದು ಪಾಠ ಹೇಳಿದರು. ಆನೆಗಿಂತ ಇವರ ಚರ್ಮವೇ ದಪ್ಪ ಅನಿಸಿತ್ತು ನನಗೆ. ಇಷ್ಟೆಲ್ಲ ಬಲ್ಲವರು, ಹೋಂಸ್ಟೇಗೆ ಬಂದ ವಿದೇಶದವರು ಕಾರು ನಿಲ್ಲಿಸಿ ಸೋಮವಾರಪೇಟೆ ದಾರಿ ಕೇಳಿದಾಗ ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಜಾರಿಕೊಂಡರು.

ಒಂದು ವರ್ಷ ಅಮ್ಮನಿಗೆ ರಕ್ತಸ್ರಾವ ನಿಲ್ಲದೆ, ಗೋಡೆ ಹಿಡಿದು ದೋಸೆ ಹುಯ್ಯುವ ಹಾಗಾಯಿತು. ಮಡಿಕೇರಿಯ ಡಾಕ್ಟರು ಹಿಸ್ಟರೆಕ್ಟಮಿ ಆಗಬೇಕು, ತಡಮಾಡಬೇಡಿ ಎಂದಷ್ಟೇ ಹೇಳಿ ಮುಂದಿನವರನ್ನು ಕರೆದರು. ಅಮ್ಮ ಅದನ್ನು ರೋಗದ ಹೆಸರೆಂದುಕೊಂಡಳು. ನಾನು ಫೋನಿನಲ್ಲಿ ಹುಡುಕಿ ತೋರಿಸಿದರೆ, ಮೊದಲು ಅವಳ ಕಣ್ಣಿಗೆ ಬಿದ್ದದ್ದು ಕ್ಯಾನ್ಸರ್ ಅನ್ನುವ ಪದ. ಎಷ್ಟು ಬಿಡಿಸಿ ಹೇಳಿದರೂ ಮಗಳು ಏನೋ ಮುಚ್ಚಿಡುತ್ತಿದ್ದಾಳೆ ಎಂದೇ ಅವಳ ನಂಬಿಕೆ. ಸಾಯುವುದಾದರೆ ಒಲೆ ಮುಂದೆಯೇ ಸಾಯುತ್ತೇನೆ, ಆಸ್ಪತ್ರೆಗೆ ಬರುವುದಿಲ್ಲ ಎಂದು ಹಟ ಹಿಡಿದಳು.

ಒಂದು ಬೆಳಗ್ಗೆ ಇದೇ ವಿಷಯಕ್ಕೆ ನಾವು ಜಗಳವಾಡುತ್ತಿದ್ದಾಗ ಆ ಪದ ಮೇಷ್ಟ್ರ ಕಿವಿಗೆ ಬಿತ್ತು. ಕಾಫಿ ಹಣ್ಣಿನ ಪಿಕ್ಕಿಂಗಿಗೆ ಹೊರಟ ತೋಟದಾಳುಗಳು, ಲಾರಿ ಡ್ರೈವರುಗಳು ತುಂಬಿದ್ದ ಹೋಟೆಲಿನಲ್ಲಿ, ಒಂದಿಷ್ಟೂ ಸಂಕೋಚವಿಲ್ಲದೆ, ಉಗುರನ್ನು ಕಾಫಿಯಲ್ಲಿ ಅದ್ದಿ ಮೇಜಿನ ಮೇಲೆ ಆ ಪದ ಬರೆದು ಸೀಳಿದರು.

"ಹಿಸ್ಟೆರಾ ಅಂದ್ರೆ ಗರ್ಭಕೋಶ. ಎಕ್ಟಮಿ ಅಂದ್ರೆ ಕೊಯ್ದು ತೆಗೆಯೋದು. ಇದು ಕಾಯ್ಲೆ ಹೆಸ್ರಲ್ಲ ಅಕ್ಕ, ಆಪರೇಷನ್ ಹೆಸ್ರು. ಕ್ಯಾನ್ಸರ್ ಅನ್ನೋದು ಇದ್ರೊಳಗೆ ಎಲ್ಲೂ ಇಲ್ಲ."

ಪದದೊಳಗೆ ಇಲ್ಲದ್ದು ಹೊಟ್ಟೆಯೊಳಗೂ ಇಲ್ಲವೆನ್ನುವ ಎಂಥ ತರ್ಕವದು. ಡ್ರೈವರುಗಳು ತಲೆ ತಗ್ಗಿಸಿ ತಟ್ಟೆ ನೋಡಿಕೊಂಡರು. ಆ ಕಾಫಿಯನ್ನು ಅವರ ಮುಖಕ್ಕೇ ಎರಚಬೇಕೆನಿಸಿತು ನನಗೆ. ಅಮ್ಮ ಮಾತ್ರ ಸೌಟು ಹಿಡಿದುಕೊಂಡೇ ಬಂದು, ಮೇಜಿನ ಮೇಲಿನ ಆ ಎರಡು ತುಂಡುಗಳನ್ನು ನೋಡುತ್ತ ನಿಂತಳು.

"ಅಷ್ಟೇನಾ ಸಾರ್?"

"ಅಷ್ಟೇ ಅಕ್ಕ."

ಮಾರನೆಯ ದಿನ ಅವಳೇ ಬಟ್ಟೆ ತುಂಬಿಕೊಂಡು ಬಸ್ಸು ಹತ್ತಿದಳು. ತೆಗೆದ ಗರ್ಭಕೋಶದಲ್ಲಿ ಇದ್ದದ್ದು ಸಾದಾ ಗಡ್ಡೆ. ಇನ್ನೂ ತಡವಾಗಿದ್ದರೆ ರಕ್ತ ಹೋಗಿಯೇ ಸಾಯುತ್ತಿದ್ದಳು ಎಂದರು ಡಾಕ್ಟರು.

ಹೋದ ಮಳೆಗಾಲದಲ್ಲಿ ಮೇಷ್ಟ್ರು ಹೃದಯಾಘಾತದಿಂದ ತೀರಿಕೊಂಡರು. ತನ್ನ ಆಪರೇಷನ್ನಿನ ದಿನವೂ ನನ್ನ ಕೈಲಿ ತೆರೆಸಿದ್ದ ಹೋಟೆಲನ್ನು ಅಮ್ಮ ಅಂದು ಮುಚ್ಚಿದಳು. ನನಗೆ ಅವರ ಮೇಲೆ ಆಗಲೂ ಗೌರವವಿರಲಿಲ್ಲ, ಈಗಲೂ ಇಲ್ಲ. ಡಂಬದ ಮನುಷ್ಯ, ಆ ಬೆಳಗ್ಗೆ ಅಮ್ಮನ ಜೀವಕ್ಕಿಂತ ತುಂಬಿದ ಹೋಟೆಲಿನ ಕಿವಿಗಳೇ ಅವರಿಗೆ ಮುಖ್ಯವಾಗಿದ್ದವು. ಆದರೆ ಇವತ್ತೂ ಅಮ್ಮ ನನಗಿಂತ ಮೊದಲೇ ಎದ್ದು ಒಲೆ ಹಚ್ಚಿದ್ದಾಳೆ. ಮೇಜು ಒರೆಸು ಬಾ ಎಂದು ಒಳಗಿನಿಂದ ಕೂಗುತ್ತಿದ್ದಾಳೆ.