ವೀಳ್ಯದ ತಟ್ಟೆ, ನನ್ನ ಹೆಬ್ಬೆರಳು

ನಮ್ಮ ಮಾವನವರದು ದೊಡ್ಡ ಗಂಟಲು. ವೈ.ಎನ್.ಹೊಸಕೋಟೆ ಕಡೆಯ ನಮ್ಮ ಕಡಲೆಕಾಯಿ ಹೊಲದಲ್ಲಿ ನಿಂತು ಅವರು ಎತ್ತನ್ನು ಗದರಿದರೆ ಇತ್ತ ಮನೆಯಲ್ಲಿ ನಾನು ಎಸರಿಡುತ್ತಿದ್ದೆ. ಇನ್ನು ಊಟಕ್ಕೆ ಬರುತ್ತಾರೆ ಅಂತ ಲೆಕ್ಕ. ಅಂಥ ಮನುಷ್ಯ ನನ್ನೊಡನೆ ಮಾತ್ರ ನೇರವಾಗಿ ಮಾತಾಡುತ್ತಿರಲಿಲ್ಲ. ಮಾವ ಸೊಸೆ ಎದುರುಬದುರು ನಿಂತು ಮಾತಾಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ‘ನಿಮ್ಮಮ್ಮಂಗೆ ಯೋಳು, ನೀರು ಬೇಕು ಅಂತ’ ಎಂದು ನನ್ನ ಮಗಳಿಗೆ ಹೇಳುತ್ತಿದ್ದರು. ನಾನು ಅಲ್ಲೇ ಮಾರು ದೂರದಲ್ಲಿ ನಿಂತಿರುತ್ತಿದ್ದೆ. ನನಗೆ ನಗು ಬರುತ್ತಿತ್ತು, ಒಳಗೊಳಗೇ ಕೋಪವೂ.

ನನ್ನ ಗಂಡ ತೀರಿಕೊಂಡ ಮೇಲೂ ಅದು ಹಾಗೆಯೇ ನಡೆಯಿತು. ಆಮೇಲೆ ಮಾವನ ಗಂಟಲಲ್ಲಿ ಕ್ಯಾನ್ಸರ್ ಕಂಡಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದು, ಉಸಿರಾಡಲು ಕತ್ತಿನಲ್ಲೊಂದು ತೂತು, ಅದರೊಳಗೆ ಮಾತಿಗೆಂದು ಪುಟ್ಟ ವಾಲ್ವು ಇಟ್ಟರು. ಜೊತೆಗಿದ್ದವಳು ನಾನೊಬ್ಬಳೇ. ಮಾತು ಕಲಿಸುವ ಮೇಡಂ ತೋರಿಸಿಕೊಟ್ಟರು: ಉಸಿರು ಎಳೆದುಕೊಂಡು ತೂತನ್ನು ಬೆರಳಿನಿಂದ ಮುಚ್ಚಬೇಕು, ಆಗ ಎದೆಯ ಗಾಳಿ ವಾಲ್ವಿನಿಂದ ಹಾಯ್ದು ಬಾಯಿಗೆ ಬಂದು ಮಾತಾಗುತ್ತದೆ. ಮಾತು ಮುಗಿದ ಕೂಡಲೇ ಬೆರಳು ತೆಗೆಯಬೇಕು, ಇಲ್ಲದಿದ್ದರೆ ಉಸಿರಾಡುವಂತಿಲ್ಲ. ಮಾವನ ಬೆರಳು ತೂತಿನ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ, ಗಾಳಿ ಬುಸ್ಸೆಂದು ಪಕ್ಕದಲ್ಲಿ ಸೋರುತ್ತಿತ್ತು. ‘ನೀವೇ ಮುಚ್ಚಿ ನೋಡಿ’ ಎಂದರು ಮೇಡಂ ನನಗೆ. ಕಾಲಿಗೆ ನಮಸ್ಕಾರ ಮಾಡಿದ್ದು ಬಿಟ್ಟರೆ ನಾನು ಅವರನ್ನು ಮುಟ್ಟಿದವಳೇ ಅಲ್ಲ. ಮಾವ ಗೋಡೆ ನೋಡಿದರು, ನಾನು ಕಿಟಕಿ ನೋಡಿದೆ. ಹಾಗೆಯೇ ಹೆಬ್ಬೆರಳು ಇಟ್ಟೆ. ‘ಆ’ ಎಂದು ದನಿ ಬಂತು.

ಊರಿಗೆ ಬಂದ ಮೇಲೆ ದಿನಾ ಬೆಳಿಗ್ಗೆ ಹಿತ್ತಲಲ್ಲಿ ಪಾಠ. ಬೆರಳು ಬೇಕಾದಾಗ ನನ್ನ ಕಡೆ ತಿರುಗಿ ಗದ್ದ ಮೇಲೆತ್ತುತ್ತಿದ್ದರು, ಅಷ್ಟೇ. ಬರಬರುತ್ತಾ ಅವರ ಬೆರಳೇ ಪಳಗಿತು. ಮೊದಲ ಗಟ್ಟಿ ಮಾತು ಬಂದದ್ದು ನುಗ್ಗೆಸೊಪ್ಪಿಗೆ ಬಾಯಿ ಹಾಕಿದ ಮೇಕೆಗೆ: ‘ಪೋ!’ ಬೈಯುವುದಕ್ಕೆ ನಮ್ಮ ಪಾವಗಡದ ಕಡೆ ತೆಲುಗೇ ಆಗಬೇಕು. ಮೇಕೆ ಕದಲಲಿಲ್ಲ. ನಾನು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಅತ್ತುಬಿಟ್ಟೆ. ದನಿ ಒರಟಾಗಿತ್ತು, ಗದರಿಕೆ ಮಾತ್ರ ಅವರದೇ. ಪಾಠ ಮುಗಿಯುತ್ತಲೇ ಮತ್ತೆ ಹಳೆಯ ಕ್ರಮ: ‘ನಿಮ್ಮಮ್ಮಂಗೆ ಯೋಳು, ಕಾಫಿ.’

ಮಗಳ ಮದುವೆ ಮಾತು ಶಿರಾದವರ ಜೊತೆ ಕುದುರಿತು. ಎಲೆ ಅಡಿಕೆ ಬದಲಾಯಿಸುವ ದಿನ ಹೆಣ್ಣಿನ ಕಡೆಯ ಹಿರಿಯರು ವೀಳ್ಯದ ತಟ್ಟೆ ಹಿಡಿದು ‘ಹೆಣ್ಣು ಕೊಟ್ವಿ’ ಎಂದು ಮೂರು ಸಲ ಹೇಳಬೇಕು. ಅಪ್ಪನಿಲ್ಲದ ಮೊಮ್ಮಗಳ ಮಾತನ್ನು ತಾನೇ ಕೊಡಬೇಕು, ತನ್ನ ಬಾಯಲ್ಲೇ ಕೊಡಬೇಕು ಎಂಬುದು ಮಾವನ ಹಟ. ಕತ್ತಿಗೆ ಬೆರಳೊತ್ತಿಕೊಂಡು ಅದೇ ಅಭ್ಯಾಸ. ಹಿತ್ತಲ ಮೇಕೆಗೆ ಎಷ್ಟು ಸಲ ನನ್ನ ಮಗಳನ್ನು ಕೊಟ್ಟರೋ!

ಆ ದಿನ ಮನೆ ತುಂಬ ಜನ. ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿದ್ದೆ. ಗಂಡನಿಲ್ಲದವಳು ಶುಭಕಾರ್ಯದಲ್ಲಿ ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳಿರಲಿಲ್ಲ. ಹೇಳಿಸಿಕೊಳ್ಳುವ ಮೊದಲೇ ಹೋಗಿ ನಿಂತಿದ್ದೆ. ಮಾವ ಎದ್ದರು. ತೆಂಗಿನಕಾಯಿ, ಬಾಳೆಹಣ್ಣು, ಎಲೆ ತುಂಬಿದ ತಟ್ಟೆ ಅವರ ಎರಡೂ ಕೈಗೆ ಬಂತು. ಇಷ್ಟು ದಿನ ಬರಿಗೈಯಲ್ಲಿ ಅಭ್ಯಾಸ ಮಾಡಿದ್ದೆವು! ವೀಳ್ಯವನ್ನು ಒಂಟಿ ಕೈಯಲ್ಲಿ ಹಿಡಿಯುವಂತಿಲ್ಲ, ಕತ್ತು ಮುಚ್ಚಲು ಮೂರನೆಯ ಕೈ ಎಲ್ಲಿಂದ ತರುವುದು? ಮಾವನ ತುಟಿ ಆಡಿತು, ದನಿ ಬರಲಿಲ್ಲ. ಬೀಗರು ಮುಖ ಮುಖ ನೋಡಿಕೊಂಡರು.

‘ಇರ್ಲಿ ಬುಡಣ್ಣ, ನಾನೇ ಯೋಳ್ತೀನಿ’ ಎಂದು ನೆಂಟರೊಬ್ಬರು ತಟ್ಟೆಗೆ ಕೈ ಚಾಚಿದರು.

ಮಾವ ತಟ್ಟೆ ಬಿಡಲಿಲ್ಲ. ಅಡುಗೆಮನೆಯ ಬಾಗಿಲ ಕಡೆ ತಿರುಗಿ ಗದ್ದ ಮೇಲೆತ್ತಿದರು. ನಾನು ಹೊಸ್ತಿಲು ದಾಟಲಿಲ್ಲ. ಅವರು ಹಾಗೆಯೇ ನಿಂತರು. ತಟ್ಟೆ ಸಣ್ಣಗೆ ಅಲುಗತೊಡಗಿತು. ಇನ್ನು ತಡೆದರೆ ಕೈ ಸೋತುಹೋಗುತ್ತದೆ ಅನ್ನಿಸಿ, ಸೆರಗಿಗೆ ಕೈ ಒರೆಸಿಕೊಂಡು, ಅಷ್ಟು ಜನರ ನಡುವೆ ಹೋಗಿ ಅವರ ಪಕ್ಕ ನಿಂತೆ. ಎದೆ ಏರುವುದನ್ನು ನೋಡಿ, ಕತ್ತಿನ ತೂತಿಗೆ ಹೊದಿಸಿದ್ದ ಬಿಳಿ ಬಟ್ಟೆಯ ಮೇಲೆ ಹೆಬ್ಬೆರಳು ಒತ್ತಿದೆ.

‘ಎಣ್ಣು ಕೊಟ್ವಿ.’

ಬೆರಳು ತೆಗೆದೆ. ಉಸಿರು ಎಳೆದುಕೊಂಡರು. ಮತ್ತೆ ಒತ್ತಿದೆ. ಎರಡನೆಯ ಸಲ ದನಿ ಇನ್ನೂ ಗಟ್ಟಿಯಾಗಿತ್ತು. ಮೂರನೆಯ ಸಲ ಹೇಳುವಾಗ ಮಗಳು ತಲೆ ಎತ್ತಿ ನಮ್ಮಿಬ್ಬರನ್ನೂ ನೋಡಿದಳು. ನನ್ನ ಕಣ್ಣು ತುಂಬಿ ಏನೂ ಕಾಣದಾಯಿತು, ಬೆರಳು ತೆಗೆಯುವುದೇ ಮರೆತುಹೋಯಿತು. ಮಾವ ಎದೆಯಲ್ಲಿ ಉಳಿದಿದ್ದ ಗಾಳಿಯಲ್ಲೇ ಅಂದರು:

‘ಬುಡವ್ವಾ, ಉಸ್ರು ಕಟ್ತೈತೆ.’

ಮನೆಯೆಲ್ಲ ನಕ್ಕಿತು. ‘ನಿಮ್ಮಮ್ಮಂಗೆ ಯೋಳು’ ಎನ್ನಬಹುದಿತ್ತು, ಮಗಳು ಎದುರಿಗೇ ಕೂತಿದ್ದಳು. ಮಾವ ನನಗೇ ಹೇಳಿದರು.