ರತ್ನಮ್ಮ ಕೇಳಿದ ಹೈಡ್ರೋಜನ್ ಪಾಠ

2022ರಲ್ಲಿ ನಾನು ಶಹಾಪುರದ ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕಿಯಾಗಿದ್ದೆ. ನಿವೃತ್ತಿ ಹತ್ತಿರ ಬಂದಿತ್ತು. ಹುಡುಗರು ಬೆನ್ನ ಹಿಂದೆ ನನ್ನನ್ನು ಸಿಡುಕಿ ಅನ್ನುತ್ತಿದ್ದರು. ಆ ಹೆಸರಿನಿಂದ ತರಗತಿ ತಣ್ಣಗಿರುತ್ತಿದ್ದುದರಿಂದ ನಾನೂ ತಿದ್ದಲು ಹೋಗಿರಲಿಲ್ಲ. ಆ ಜೂನ್‌ನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಸುಜಾತಾ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ವನದುರ್ಗದ ಹುಡುಗಿ, ಕಲಬುರಗಿಯಲ್ಲಿ ಎಂ.ಎಸ್ಸಿ. ಮುಗಿಸಿದ್ದಳು. ಮುಖ ಬಾಡಿತ್ತು.

ದೂರದ ಊರಿನ ಪ್ರಯೋಗಾಲಯವೊಂದರಲ್ಲಿ ಅವಳಿಗೆ ಪಿಎಚ್.ಡಿ. ಸೀಟು ಸಿಕ್ಕಿತ್ತು. ವಿಪರೀತ ಒತ್ತಡದಲ್ಲಿ ಹೈಡ್ರೋಜನ್ ಹೇಗೆ ಬದಲಾಗುತ್ತದೆ ಎಂಬುದು ವಿಷಯ.

“ಅವ್ವ ಬ್ಯಾಡ ಅನ್ನಾಕತ್ತಾಳ್ರಿ ಮೇಡಂ. ಸೋಮವಾರದೊಳಗ ಹೂಂ ಅನ್ನಬೇಕ್ರಿ, ಇಲ್ಲಂದ್ರ ಸೀಟು ಬ್ಯಾರೆಯವ್ರಿಗೆ ಹೋಗ್ತದ.”

ಯಾಕೆ ಬೇಡ ಎಂದು ನಾನು ಕೇಳಲಿಲ್ಲ. ಅವಳ ತಂದೆ ಮರೆಪ್ಪ ಸುರಪುರದ ಸಂತೆಯಲ್ಲಿ ಬಲೂನು ಮಾರುತ್ತಿದ್ದ. ಬಲೂನಿಗೆ ತುಂಬುವ ಹೈಡ್ರೋಜನ್ನನ್ನು ಹಳೆಯ ಸಿಲಿಂಡರಿನಲ್ಲಿ ರಾಸಾಯನಿಕ ಬೆರೆಸಿ ತಾನೇ ಮಾಡಿಕೊಳ್ಳುತ್ತಿದ್ದ. ಒತ್ತಡ ತೋರಿಸುವ ಗೇಜ್ ಗೀಜ್ ಏನೂ ಇಲ್ಲ. ಸಿಲಿಂಡರಿಗೆ ಅಂಗೈ ಇಟ್ಟು ನೋಡುವುದು, ಬಿಸಿ ಹೆಚ್ಚೆನಿಸಿದರೆ ಹಸಿ ಗೋಣಿಚೀಲ ಹೊದಿಸುವುದು. ಆ ಕಸುಬಿನವರ ಲೆಕ್ಕವೆಲ್ಲ ಇಷ್ಟೇ. ಸುಜಾತಾ ಏಳನೆಯ ತರಗತಿಯಲ್ಲಿದ್ದಾಗ ಒಂದು ಬೆಳಿಗ್ಗೆ ಸಿಲಿಂಡರ್ ಸಿಡಿಯಿತು, ಮರೆಪ್ಪ ಉಳಿಯಲಿಲ್ಲ. ಅಂದಿನಿಂದ ತಾಯಿ ರತ್ನಮ್ಮ ಅಡುಗೆ ಗ್ಯಾಸನ್ನೂ ಮನೆಯೊಳಗೆ ಬಿಟ್ಟುಕೊಂಡಿರಲಿಲ್ಲ. ಗಂಡನನ್ನು ಕೊಂದ ಗಾಳಿಯನ್ನೇ ಒತ್ತಲು ಮಗಳು ಹೊರಟರೆ ಯಾವ ತಾಯಿ ಹೂಂ ಅಂದಾಳು? ಸುಜಾತಾ ಆ ವಿಷಯ ಹಿಡಿದದ್ದೇ ಅಪ್ಪನಿಗಾಗಿ ಎಂದು ನನಗೆ ಅನುಮಾನವಿತ್ತು. ಕೇಳುವ ಧೈರ್ಯವಾಗಲಿಲ್ಲ.

ಅವ್ವನ ಜೊತೆ ಮಾತಾಡಲು ಬರುತ್ತೇನೆಂದು ಸುಜಾತಾಳ ಕೈಲಿ ಹೇಳಿ ಕಳಿಸಿ, ಭಾನುವಾರ ವನದುರ್ಗದ ಬಸ್ಸು ಹತ್ತಿದೆ. ರತ್ನಮ್ಮ ಕೂಲಿಗೆ ಹೋಗದೆ ನನಗಾಗಿ ಕಾದಿದ್ದರು. ಕಟ್ಟಿಗೆ ಒಲೆಯ ಮೇಲೆ ಚಹಾ ಕುದಿಸಿ ಕೊಟ್ಟರು. ಅವರ ತಮ್ಮ ಭೀಮಣ್ಣನೂ ಬಂದು ಕುಳಿತಿದ್ದ. ನಾನು ಬಾಯಿ ತೆರೆಯುವ ಮೊದಲೇ ಅವನು ಶುರು ಮಾಡಿದ.

“ಏನೂ ಆಗಂಗಿಲ್ಲ ಬಿಡಕ್ಕ. ದೊಡ್ಡ ದೊಡ್ಡ ಸೈಂಟಿಸ್ಟ್ ಮಂದಿ ಇರ್ತಾರ ಅಲ್ಲಿ.”

ರತ್ನಮ್ಮ ಲೋಟ ಕೆಳಗಿಟ್ಟರು. “ಏನೂ ಆಗಂಗಿಲ್ಲ ಅಂತ ಅವನೂ ದಿನಾ ಅಂತಿದ್ದ.”

ನಾನು ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತೂ ಹೆಚ್ಚುಕಡಿಮೆ ಅದೇ. ಚಹಾದ ಜೊತೆ ನುಂಗಿಕೊಂಡೆ.

ಆಗ ಸುಜಾತಾ ಒಳಗಿನಿಂದ ಪುಟ್ಟ ಡಬ್ಬಿ ತಂದಳು. ಅದರಲ್ಲಿ ಉಗುರಿನಷ್ಟು ಅಗಲದ ಉಕ್ಕಿನ ತೆಳು ತಗಡು. ಪ್ರಯೋಗಾಲಯದಲ್ಲಿ ಎರಡು ವಜ್ರಗಳನ್ನು ತುದಿಗೆ ತುದಿ ಕೂಡಿಸಿ, ನಡುವೆ ಇಂಥ ತಗಡು ಇಡುತ್ತಾರೆ. ತಗಡಿನ ನಡುವಿನ ಸಣ್ಣ ತೂತಿನಲ್ಲಿ ಹೈಡ್ರೋಜನ್ ತುಂಬಿ ಸ್ಕ್ರೂ ತಿರುಗಿಸುತ್ತಾರೆ. ವಜ್ರದ ತುದಿ ಬಹಳ ಚಿಕ್ಕದಾದ್ದರಿಂದ ಕೈಯ ಬಲವೇ ಅಲ್ಲಿ ವಾತಾವರಣದ ಒತ್ತಡದ ಲಕ್ಷಗಟ್ಟಲೆ ಪಟ್ಟು ಆಗುತ್ತದೆ. ಇಂಟರ್‌ವ್ಯೂಗೆ ಹೋದ ದಿನ ಅಲ್ಲಿನ ಗೈಡ್ ಬಳಸಿ ಬಿಟ್ಟ ತಗಡೊಂದನ್ನು ಅವಳಿಗೆ ಕೊಟ್ಟಿದ್ದರು.

ರತ್ನಮ್ಮ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಎಷ್ಟು ನೋಡಿದರೂ ತೂತು ಕಾಣಲಿಲ್ಲ. ಅಂಗಳಕ್ಕೆ ಹೋಗಿ ಬಿಸಿಲಿಗೆ ಹಿಡಿದರು. ಕೂದಲೆಳೆಗಿಂತ ಸಣ್ಣ ಬೆಳಕಿನ ಚುಕ್ಕಿ ಕಂಡಿತು.

“ಇದರಾಗ ಎಷ್ಟು ಗಾಳಿ ಹಿಡಿತದ?”

“ಸಾಸ್ವಿ ಕಾಳಿನಷ್ಟೂ ಇಲ್ಲವ್ವ.”

“ಒಡಿತದೇನು?”

ನಾನು ಸುಜಾತಾಳ ಮುಖ ನೋಡಿದೆ. ಹುಡುಗಿ ಸುಳ್ಳು ಹೇಳಲಿಲ್ಲ.

“ಒಡಿತದವ್ವ. ಹೈಡ್ರೋಜನ್ ವಜ್ರದೊಳಗೂ ನುಗ್ಗಿ ಬಿರುಕು ಬಿಡಸ್ತದ. ನಾ ಹೋದ ದಿನಾನೇ ಒಂದು ಒಡೀತು. ಟಕ್ ಅಂತು. ಮುಂದ ಕುಂತವ್ರು ವಜ್ರ ಹೋತಲ್ಲ ಅಂತ ಬೈಕೋತ ಎದ್ದು ಚಾ ಕುಡ್ಯಾಕ ಹೋದ್ರು.”

ರತ್ನಮ್ಮ ತಗಡನ್ನು ಮುಷ್ಟಿಯಲ್ಲಿ ಹಿಡಿದು ಹೊಸ್ತಿಲ ಮೇಲೆ ಕುಳಿತರು. “ಅವನೂ ಇಷ್ಟ ತುಂಬಿದ್ರ ಉಳಿತಿದ್ದ,” ಎಂದರು. ನನಗೆ ಅಳು ಬಂತು. ಸಿಡುಕಿ ಎಂಬ ಹೆಸರನ್ನು ಆವತ್ತು ಉಳಿಸಿಕೊಳ್ಳಲಾಗಲಿಲ್ಲ.

ಮುಷ್ಟಿ ಬಿಚ್ಚಿ ತಗಡನ್ನು ಮತ್ತೆ ನೋಡುತ್ತ ಅವರೇ ಕೇಳಿದರು: “ಅಷ್ಟು ಒತ್ತಿದ್ರ ಏನಾಗ್ತದ ಅದು?”

ಇದೇ ಪ್ರಶ್ನೆಗೆ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಉತ್ತರ ಇದು. ಹೈಡ್ರೋಜನ್ ಪರಮಾಣುಗಳು ಜೋಡಿಯಾಗಿ ಬಾಳುತ್ತವೆ. ಆ ಜೋಡಿಗೆ ಅಣು ಎನ್ನುತ್ತೇವೆ. ಇಬ್ಬರನ್ನೂ ಕೂಡಿಸಿ ಹಿಡಿಯುವುದು ನಡುವಿನ ಎಲೆಕ್ಟ್ರಾನುಗಳು. ನಮ್ಮ ಸುತ್ತಲಿನ ಗಾಳಿಯ ಒತ್ತಡದ ಐವತ್ತು ಸಾವಿರ ಪಟ್ಟಿಗಿಂತ ಹೆಚ್ಚು ಒತ್ತಿದರೆ ಕೋಣೆಯ ಉಷ್ಣತೆಯಲ್ಲೇ ಅದು ಗಟ್ಟಿಯಾಗುತ್ತದೆ, ಗಾಜಿನಂತೆ ತಿಳಿಯಾಗಿ ಕಾಣುತ್ತದೆ, ಜೋಡಿ ಮಾತ್ರ ಬಿಡುವುದಿಲ್ಲ. ಮೂವತ್ತು ಲಕ್ಷ ಪಟ್ಟು ದಾಟಿದರೆ ಕಪ್ಪಾಗತೊಡಗುತ್ತದೆ. ಇನ್ನೂ ಒತ್ತಿದರೆ ಜೋಡಿಗಳು ಮುರಿದು, ಎಲೆಕ್ಟ್ರಾನುಗಳು ಎಲ್ಲೆಡೆ ಓಡಾಡಿ, ಹೈಡ್ರೋಜನ್ ಲೋಹವಾಗಬೇಕು ಎನ್ನುತ್ತದೆ ಸಿದ್ಧಾಂತ. ಕಂಡೆವು ಎಂದವರಿದ್ದಾರೆ, ಒಪ್ಪದವರೂ ಇದ್ದಾರೆ. ಸುಜಾತಾ ಹೊರಟದ್ದು ಆ ಜಗಳದ ನಡುವೆ.

ಅವ್ವನಿಗೆ ಅವಳು ಹೇಳಿದ್ದೇ ಬೇರೆ. “ಶಹಾಪುರದ ಬಸ್ ಖಾಲಿ ಇದ್ದಾಗ ಗಂಡ-ಹೆಂಡ್ತಿ ಒಂದ್ ಸೀಟಿನಾಗ ಕುಂದರ್ತಾರ, ಕೂಸು ಅವರ ತೊಡಿ ಮ್ಯಾಲೇ ಇರ್ತದ. ಬಸ್ ತುಂಬಿ ಉಸಿರಾಡಾಕ ಜಾಗ ಇಲ್ಲಂದ್ರ?”

“ಯಾರರ ಹಿಡ್ಕೋತಾರ. ತೊಡಿಯಿಂದ ತೊಡಿಗೆ ಹೋಗ್ತದ.”

“ಹಂಗೇ ಅವ್ವ. ಎಲೆಕ್ಟ್ರಾನ್ ಅಂದ್ರ ಆ ಕೂಸು. ಆಮ್ಯಾಗ ಯಾರ ಕೂಸು ಅಂತ ಇರಂಗಿಲ್ಲ, ಬಸ್ಸಿಗೆ ಬಸ್ಸೇ ಎತ್ಕೊಂಡಿರ್ತದ.”

“ಕಳಿಯಂಗಿಲ್ಲೇನು?”

“ಕಳಿಯಂಗಿಲ್ಲವ್ವ.”

ರತ್ನಮ್ಮ ಮಗಳ ತಲೆ ಸವರಿದರು. ಆಮೇಲೆ ನನ್ನ ಕಡೆ ತಿರುಗಿದರು. “ಅಕ್ಕೋರ, ಅಲ್ಲಿ ತೊಡಿ ಕೊಡವ್ರು ಅದಾರೇನ್ರಿ?”

ನೋಡದ ಊರಿನ ಬಗ್ಗೆ ಇದ್ದಾರೆ ಅನ್ನಲು ನಾಲಿಗೆ ಏಳಲಿಲ್ಲ. “ನನಗ ಗೊತ್ತಿಲ್ಲವ್ವ. ಆಕಿ ಜೋಡಿ ನಾನೂ ಹೋಗಿ, ಕಣ್ಣಿಲೆ ನೋಡಿ ಬಂದು ಹೇಳ್ತೇನಿ,” ಎಂದೆ.

“ಹಂಗಾದ್ರ ಹೋಗ್ಲಿ,” ಎಂದರು.

ಸೋಮವಾರ ಸುಜಾತಾ ಹೂಂ ಎಂದು ತಿಳಿಸಿದಳು; ಸೇರುವ ದಿನ ಬಂದಾಗ ಇಬ್ಬರೂ ಯಾದಗಿರಿಯಿಂದ ರೈಲು ಹತ್ತಿ ಹೋದೆವು. ಹಾಸ್ಟೆಲ್ ನೋಡಿದೆ, ಗೈಡ್ ಜೊತೆ ಮಾತಾಡಿದೆ. ಮರಳಿ ಬಂದು, ಹಾಸ್ಟೆಲಿನ ಸಾರು ಸಪ್ಪೆ ಎಂಬುದನ್ನೂ ಮುಚ್ಚಿಡದೆ ರತ್ನಮ್ಮನಿಗೆ ಎಲ್ಲ ಹೇಳಿದೆ. ಹೆದರಿದವರಿಗೆ ಧೈರ್ಯ ಹೇಳುವುದು ಸುಲಭ, ಅವರ ಕೊನೆಯ ಪ್ರಶ್ನೆಯ ತನಕ ಕೂತು ಕೇಳುವುದು ಕಷ್ಟ. ನನಗೆ ಅದನ್ನು ಕಲಿಸಿದ್ದು ಆ ಭಾನುವಾರ. ಕೇಳಿದ್ದರಿಂದಲೇ ನನಗೆ ತಿಳಿಯಿತು, ರತ್ನಮ್ಮ ಕೇಳುತ್ತಿದ್ದದ್ದು ಗಾಳಿಯ ಬಗ್ಗೆ ಮಾತ್ರವಲ್ಲ, ಮಗಳು ಅತ್ತರೆ ಪಕ್ಕದಲ್ಲಿ ಯಾರಿರುತ್ತಾರೆ ಎಂದೂ.