ಹುಣಸೆಹಣ್ಣು ಹಾಕಿ ತೊಳೆದ ರೆಕ್ಕೆ

ಕೊಳಕು ಕಂಡರೆ ನನಗೆ ಆಗುವುದಿಲ್ಲ. ಬೇರೆಯವರ ಮನೆಗೆ ಹೋದರೂ ಸಿಂಕಿನಲ್ಲಿರುವ ಲೋಟ ತೊಳೆದಿಟ್ಟೇ ಬರುವವಳು ನಾನು. ಮೈಸೂರಿನಲ್ಲಿ ಅಮ್ಮ ಹಚ್ಚಿದ ಚಟ. ಅದೇ ಚಟ ಒಬ್ಬ ಮುದುಕಿಯ ಕೊನೆಯ ಆಸೆಗೆ ಮಣ್ಣು ಹಾಕಿತು.

ಈಗ ಪರದೇಶದಲ್ಲಿ, ಪಾಪಕುರಾ ಎಂಬ ಊರಿನ ಆಚೆ ನಾನು ಕೆಲಸ ಮಾಡುವ ಷೆಡ್ಡಿಗೆ ಎರಡನೇ ಮಹಾಯುದ್ಧದ ವಿಮಾನಗಳ ಅವಶೇಷ ದುರಸ್ತಿಗೆ ಬರುತ್ತದೆ. ಪೆಸಿಫಿಕ್ ದ್ವೀಪಗಳ ಜೌಗಿನಲ್ಲಿ ಬಿದ್ದದ್ದನ್ನು ದಲ್ಲಾಳಿಗಳು ಎತ್ತಿಸಿ, ಕಂಟೇನರಿಗೆ ತುಂಬಿ ಮಾರುತ್ತಾರೆ. ವಿಮಾನದ ನಂಬರಿರುವ ಪುಟ್ಟ ಫಲಕಕ್ಕೇ ಗಿರಾಕಿ ಹೆಚ್ಚು. ಅದನ್ನು ಯಾರೋ ಮೊದಲೇ ಕಿತ್ತು ಬೇರೆ ಮಾರಿಕೊಂಡಿರುತ್ತಾರೆ. ಒಂದು ವರ್ಷ ಬಂದ ವಿಮಾನಕ್ಕೂ ಫಲಕವಿರಲಿಲ್ಲ; ನಂಬರಿಲ್ಲದೆ ಅದನ್ನು ಹಾರಿಸಿದವನು ಯಾರೆಂದು ತಿಳಿಯುವುದಿಲ್ಲ.

ಅದು ತನ್ನ ಅಣ್ಣನ ವಿಮಾನವೇ ಇರಬಹುದೆಂದು ನಂಬಿದ್ದ ಒಬ್ಬ ಆಂಟಿ ಇದ್ದರು. ತೊಂಬತ್ತು ದಾಟಿದವರು. ಅಣ್ಣ ಹಾರಿಹೋಗಿ ಮರಳದಿದ್ದಾಗ ಅವರಿನ್ನೂ ಶಾಲೆಯಲ್ಲಿದ್ದರಂತೆ. ಅವನು ಎಲ್ಲಿ ಬಿದ್ದನೆಂದು ಯಾರಿಗೂ ಗೊತ್ತಿಲ್ಲ. ಪ್ರತಿ ಮಂಗಳವಾರ ಫೋನ್ ಮಾಡಿ, “ನಂಬರ್ ಸಿಕ್ತೇನಮ್ಮ?” ಎನ್ನುತ್ತಿದ್ದರು. ಅವರು ಕೇಳುತ್ತಿದ್ದದ್ದು ಇಂಗ್ಲಿಷಿನಲ್ಲೇ. ನನ್ನ ಕಿವಿಗೆ ಮಾತ್ರ ಅದು ಕನ್ನಡವಾಗಿಯೇ ಬೀಳುತ್ತಿತ್ತು.

ಆಯುಧಪೂಜೆ ಬಂತು. ಆ ದಿನ ಭಾನುವಾರ, ಷೆಡ್ಡಿನಲ್ಲಿ ನಾನೊಬ್ಬಳೇ. ಡ್ರಿಲ್ಲು, ರಿವೆಟ್ ಗನ್ನು ಎಲ್ಲ ಒರೆಸಿದೆ. ಮೂಲೆಯಲ್ಲಿ ಕೆಸರು ಮೆತ್ತಿಕೊಂಡು ಬಿದ್ದಿದ್ದ ಆ ವಿಮಾನದ ರೆಕ್ಕೆಯ ತಗಡು ಕಣ್ಣಿಗೆ ಬಿತ್ತು. ಸತ್ತವನ ವಸ್ತುವನ್ನು ಹೀಗಾ ಇಡುವುದು? ಹುಣಸೆಹಣ್ಣು ಕಿವುಚಿ, ನಾರು ಹಿಡಿದು ಎರಡೂ ಮಗ್ಗುಲು ಗಸಗಸ ಉಜ್ಜಿದೆ. ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು, ಫೋಟೊ ತೆಗೆದು ಗಂಡನಿಗೆ ಕಳಿಸಿದೆ. “ಅಯ್ಯೋ ತಾಯಿ, ಅದನ್ನೂ ಬಿಡ್ಲಿಲ್ವೇನೇ?” ಎಂದು ನಕ್ಕ. ನನಗಂತೂ ಹೆಮ್ಮೆಯೇ ಆಗಿತ್ತು.

ಸೋಮವಾರ ಮಾಲೀಕ ಟಾರ್ಚು ಹಿಡಿದು ಬಂದ. ಬಿಚ್ಚಿದ ತಗಡು ಅದಲುಬದಲಾಗದಿರಲೆಂದು ಆಗಿನ ಮೆಕ್ಯಾನಿಕ್‌ಗಳು ಒಳಮೈಯಲ್ಲಿ ಪೆನ್ಸಿಲಿನಿಂದ ವಿಮಾನದ ನಂಬರ್ ಬರೆಯುತ್ತಿದ್ದರಂತೆ. ಕೆಸರು ನೆನೆಸಿ ಮೆಲ್ಲಗೆ ಬಿಡಿಸಿದರೆ ಕೆಲವೊಮ್ಮೆ ಕಾಣುತ್ತದಂತೆ.

“ಇದನ್ನ ತೊಳೆದವರು ಯಾರು?”

ನಾನೇ ಎಂದೆ. ಮೊದಲೇ ಯಾಕೆ ಬೊಗಳಲಿಲ್ಲ ಎಂದು ಅವನ ಮೇಲೇ ಹಾರಾಡಿದೆ. ಹಾರಾಡಿ ಏನು ಬಂತು? ಉಳಿದ ತುಂಡುಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಗಟ್ಟಿಯಾಗಿ ಉಳಿದದ್ದು ಅದೊಂದೇ.

ಮಂಗಳವಾರ ಆಂಟಿ ಫೋನ್ ಮಾಡಲಿಲ್ಲ, ಟ್ಯಾಕ್ಸಿ ಮಾಡಿಕೊಂಡು ತಾವೇ ಬಂದರು, ಅಣ್ಣನ ಫೋಟೊ ಹಿಡಿದು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ನಂಬರ್ ಇತ್ತೋ ಏನೋ ಆಂಟಿ. ನಾನೇ ಉಜ್ಜಿ ಅಳಿಸಿಬಿಟ್ಟೆ,” ಎಂದು ಅತ್ತೆ.

ಅವರು ಅಳಲಿಲ್ಲ. ಕುಂಕುಮ ಕೆಡದ ಹಾಗೆ ತಗಡಿನ ಮೇಲೆ ಅಂಗೈ ಇಟ್ಟರು.

“ಅವನು ಕಾಣೆಯಾಗಿದ್ದಾನೆ ಅಂತ ಟೆಲಿಗ್ರಾಂ ಬಂದ ದಿನ ನಮ್ಮಮ್ಮ ಅವನ ಅಂಗಿಗಳನ್ನೆಲ್ಲ ಒಗೆದುಬಿಟ್ಟಳು,” ಎಂದರು. “ವಾಪಸ್ ಬಂದ್ರೆ ಹಾಕ್ಕೊಳ್ಳೋಕೆ ಇರ್ಲಿ ಅಂತ. ಅವನ ವಾಸನೆನೂ ಹೋಯ್ತು. ನಾನು ಅವಳನ್ನ ಕೊನೇವರೆಗೂ ಕ್ಷಮಿಸಲಿಲ್ಲ.”

ಮತ್ತೆ ನನ್ನನ್ನು? ಕೇಳುವ ಧೈರ್ಯವಾಗಲಿಲ್ಲ. ಫೋಟೊ ಚೀಲಕ್ಕೆ ಹಾಕಿಕೊಂಡು ಟ್ಯಾಕ್ಸಿ ಹತ್ತಿದರು. ಮುಂದಿನ ಮಂಗಳವಾರ ಅವರ ಕರೆಗೆ ಕಾದು ಫೋನಿನ ಪಕ್ಕದಲ್ಲೇ ಕೂತಿದ್ದೆ. ಬರಲಿಲ್ಲ.